ಮುದ್ದೆ ಲೆಕ್ಕದ ಪಕ್ಕದ ಜಾಗ

ನನ್ನ ಮೊಮ್ಮಗಳು ಕಾಲೇಜಿಗೆ ಕೊಟ್ಟ ಪ್ರಾಜೆಕ್ಟ್ ಪುಸ್ತಕದ ಕೊನೇ ಕಡೆ ಒಂದು ಪುಟದಲ್ಲಿ ನಾನಿದ್ದೀನಿ. ಫೋಟೋ ಅಲ್ಲ, ಮಾತು. "ಬಳಸಿದವರ ಸಲಹೆಗಳು" ಅಂತ ಮೇಲೆ ದಪ್ಪಕ್ಷರದಲ್ಲಿ ಹಾಕಿ, ಕೆಳಗೆ "ನಮ್ಮ ಅಜ್ಜಿ, ಓದಿರುವುದು ಮೂರನೇ ಕ್ಲಾಸು" ಅಂತ ಬರೆದಿದ್ದಾಳೆ. ಆ ಪುಟದ್ದು ಇನ್ನೊಂದು ಪ್ರತಿ ತೆಗೆಸಿಕೊಂಡು, ಪ್ಲಾಸ್ಟಿಕ್ ಕವರಿಗೆ ಹಾಕಿ, ಟ್ರಂಕಿನಲ್ಲಿ ಸೀರೆ ನಡುವೆ ಇಟ್ಟಿದ್ದೀನಿ. ಮನೆಗೆ ಯಾರು ಬರಲಿ, ತೆಗೆದು ತೋರಿಸ್ತೀನಿ. ಮೊನ್ನೆ ಕರೆಂಟ್ ಮೀಟರ್ ನೋಡುವವರು ಬಂದಾಗ ಟ್ರಂಕಿನ ಕಡೆ ಹೊರಟರೆ, "ಓದಿದ್ದೀನಿ ಕಣಜ್ಜಿ, ಮೂರು ತಿಂಗಳಿಂದ ಓದ್ತಾನೇ ಇದ್ದೀನಿ" ಅಂದರು. ನಾಲ್ಕನೇ ಸಲವೂ ಓದಿಸಿದೆ. ಹೊಟ್ಟೆ ತುಂಬಿದ ಸಂತೋಷವನ್ನು ಯಾರ ಮುಂದಾದರೂ ಬಡಿಸಲೇಬೇಕಲ್ಲ.

ಆದರೆ ಆ ಸಲಹೆಗಳು ನನಗೆ ಎಲ್ಲಿಂದ ಬಂದವು ಅಂತ ಆ ಪುಟದಲ್ಲಿಲ್ಲ. ಅದನ್ನೂ ಯಾರಾದರೂ ಬರೆದಿಡಬೇಕು ಅನ್ನಿಸಿತು. ತಪ್ಪು ಅಕ್ಷರ ಬಂದರೆ ಮೊಮ್ಮಗಳು ತಿದ್ದಿಕೊಳ್ಳಲಿ.

ನಮ್ಮ ಯಜಮಾನರು ಬೀಗರ ಊಟಕ್ಕೆ ಅಡುಗೆ ಮಾಡುತ್ತಿದ್ದವರು. ಮದುವೆ ಮುಗಿದ ಮೇಲೆ ಎರಡೂ ಕಡೆಯವರು ಕೂತು ಮುದ್ದೆ, ಮಾಂಸ ಉಣ್ಣುವ ಊಟ ಇದೆಯಲ್ಲ, ಅದಕ್ಕೆ. ಹೊಳೆನರಸೀಪುರ, ಅರಕಲಗೂಡು, ಆ ಕಡೆ ಚನ್ನರಾಯಪಟ್ಟಣದವರೆಗೂ ಇವರನ್ನು ಕರೆಯೋರು. ಇವರಿಗೆ ಅಕ್ಷರ ಬರುತ್ತಿರಲಿಲ್ಲ. ಲೆಕ್ಕವೆಲ್ಲ ತಲೆಯಲ್ಲಿ. ಬೇರೆ ಅಡುಗೆಯವರು ಮೊದಲು ಕೇಳುವುದು ಎಷ್ಟು ಜನ ಅಂತ. ಇವರು ಕೇಳುತ್ತಿದ್ದುದು "ಯಾವ್ ಯಾವ್ ಊರೋರು?" ಅಂತ.

"ಎಂಟುನೂರು ಎಲೆ ಅಂದ್ರೆ ನಂಗೇನ್ ಗೊತ್ತಾತದೆ? ಎಲೆ ಉಣ್ತದಾ? ಯಾವ ಊರೋರು ಅಂತ ಏಳು" ಅನ್ನೋರು. ಕೊಣನೂರಿನವರು ಇಷ್ಟು, ಹಾಸನ ಪೇಟೆಯವರು ಇಷ್ಟು, ನುಗ್ಗೇಹಳ್ಳಿಯಿಂದ ಒಂದು ಬಸ್ಸು ಅಂತ ಹೇಳಿದರೆ, ಕಣ್ಣು ಮುಚ್ಚಿ ಒಂದು ಬೀಡಿ ಸೇದುವಷ್ಟರಲ್ಲಿ ಹಿಟ್ಟು ಎಷ್ಟು, ಮಾಂಸ ಎಷ್ಟು, ಕಾಯಿ ಎಷ್ಟು ಅಂತ ಒಪ್ಪಿಸಿಬಿಡೋರು. ಕೊನೇ ಪಂಕ್ತಿಗೆ ಕಮ್ಮಿ ಬಂತು ಅಂತ ಯಾರೂ ಹೇಳಿದ್ದಿಲ್ಲ. ತಿಪ್ಪೆಗೆ ಚೆಲ್ಲಿದರು ಅಂತಲೂ ಇಲ್ಲ.

ಒಂದು ಮಾತ್ರ. ಎಲ್ಲಿ ಅಡುಗೆಗೆ ಹೋದರೂ ಬರುವಾಗ ಬಾಳೆ ಎಲೆಯಲ್ಲಿ ಒಂದು ಮುದ್ದೆ, ಎರಡು ತುಂಡು ಕಟ್ಟಿಕೊಂಡು ಬಂದು ನನ್ನ ಮುಂದೆ ಇಡೋರು. "ಉಳೀತು, ತಂದೆ" ಅನ್ನೋರು, ಅಷ್ಟೇ. ನಾನು ಆಡಿಕೊಳ್ಳುತ್ತಿದ್ದೆ. "ಜಿಲ್ಲೆಗೇ ದೊಡ್ಡ ಲೆಕ್ಕದೋರು. ಒಂದು ಮುದ್ದೆ ದಿನಾ ಹೆಚ್ಚು ಬತ್ತದಲ್ಲ, ಅದ್ಯಾವ ಊರಿನ ಲೆಕ್ಕ?" ಅಷ್ಟು ಹೇಳುವಷ್ಟರಲ್ಲಿ ಕಾಲು ತೊಳೆಯಲು ಹೋಗಿಬಿಡೋರು.

ಮೊಮ್ಮಗಳು ನನ್ನ ಮಗಳ ಮಗಳು. ಹೊಳೆನರಸೀಪುರದಲ್ಲಿ ಡಿಪ್ಲೊಮಾಕ್ಕೆ ಸೇರಿ ನಮ್ಮ ಮನೆಯಿಂದಲೇ ಹೋಗಿ ಬರುತ್ತಿದ್ದಳು. ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪು. ಅದರ ಬ್ಯಾಟರಿ ಸತ್ತಿತ್ತು, ಪ್ಲಗ್ಗು ಸಿಕ್ಕಿಸಿದ್ದರೆ ಮಾತ್ರ ಉಸಿರಾಡುತ್ತಿತ್ತು. ಅದರಲ್ಲಿ ಅವಳು ಲೆಕ್ಕ ಮಾಡುವ ಒಂದು ಪ್ರೋಗ್ರಾಮು ಮಾಡಿದ್ದಳು. ನಾನು ನೋಡಲು ಹೋದರೆ ಬರೀ ಕರೀ ಪರದೆ. ಬಟನ್ನಿಲ್ಲ, ಬಣ್ಣ ಇಲ್ಲ. ಒಂದು ಸಾಲು ಟೈಪ್ ಮಾಡಿದರೆ ಕೆಳಗಿನ ಸಾಲಿನಲ್ಲಿ ಉತ್ತರ.

"ಇದೇನವ್ವಾ, ಸುಣ್ಣ ಬಳಿಯದ ಗೋಡೆ ಇದ್ದಂಗೈತೆ" ಅಂದೆ.

"ಇದಕ್ಕೆ ಕಮಾಂಡ್ ಲೈನ್ ಅಂತಾರಜ್ಜಿ. ಚೆಂದ ಕಾಣೋದು ಮುಖ್ಯ ಅಲ್ಲ. ಬಳಸೋರನ್ನ ಕೇಳ್ಕೊಂಡು ಬಾ, ಏನು ಕೊರತೆ ಐತೆ ಅಂತ ನಮ್ಮ ಮೇಷ್ಟ್ರು ಹೇಳವ್ರೆ. ನೀನೇ ಹೇಳು."

"ನಂಗೇನ್ ಗೊತ್ತು? ಉಪ್ಪು ಕಮ್ಮಿ ಆಗೈತೆ ಅಂತ ಬರ್ಕೋ."

ಅವತ್ತು ನಕ್ಕು ಎದ್ದುಹೋದೆ. ಆಮೇಲೆ ಹೇಳುವುದು ಇಷ್ಟೊಂದು ಇರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಅದೇ ಬೇಸಿಗೆಯಲ್ಲಿ ಯಜಮಾನರ ಗಂಟಲು ಕಟ್ಟಿತು. ಒಲೆ ಹೊಗೆ ಅಂದೆವು, ಬೀಡಿ ಅಂದೆವು. ಮೆಣಸಿನ ಕಷಾಯ ಕೊಟ್ಟೆ. ಹಾಸನದಲ್ಲಿ ತೋರಿಸಿದರೆ ಮೈಸೂರಿಗೆ ಕಳಿಸಿದರು. ಗಡ್ಡೆ ಆಗಿದೆ, ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಅಂತ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಇವರು ಎಲ್ಲ ಕೇಳಿಸಿಕೊಂಡು, "ನಾಲ್ಗೆ ಬುಟ್ಬುಡ್ತೀರಲ್ಲ ಸಾ? ಸಾರು ನೋಡಾಕೆ ಅದೊಂದು ಬೇಕು" ಅಂದರು. ಡಾಕ್ಟರು ನಕ್ಕರು, ಇವರೂ ನಕ್ಕರು. ಹಾಸಿಗೆ ಖಾಲಿಯಾದಾಗ ಫೋನ್ ಮಾಡುತ್ತೇವೆ ಅಂತ ಹೇಳಿ ಕಳಿಸಿದರು. ಅವತ್ತಿನಿಂದ ಇವರು ಆಡಿದ ಒಂದೊಂದು ಮಾತನ್ನೂ ನಾನು ಎಣಿಸುತ್ತಿದ್ದೆ. ನೀರು ಕೊಡು ಅಂದರೂ ಎಣಿಸುತ್ತಿದ್ದೆ.

ಮೊಮ್ಮಗಳಿಗೆ ತಾತನ ಮಾತು ಹೋಗುವ ಮೊದಲು ತಾತನ ಲೆಕ್ಕ ಹಿಡಿದಿಡಬೇಕು ಅಂತ ಹಟ ಬಂತು. ಮೊದಲು ಫೋನ್ ಹಿಡಿದಳು. ಫೋನ್ ಮುಖಕ್ಕೆ ಬಂದರೆ ಇವರು ಟವೆಲ್ ಸರಿ ಮಾಡಿಕೊಂಡು, "ಎಲ್ಲರಿಗೂ ನಮಸ್ಕಾರ" ಅಂತ ಶುರು ಮಾಡಿ, ಕೆಮ್ಮಿ, ಸುಮ್ಮನಾಗಿಬಿಡೋರು. ಎಲೆಕ್ಷನ್ನಿಗೆ ನಿಂತವರ ಥರ. ಕೊನೆಗೆ ಒಂದು ಮಧ್ಯಾಹ್ನ ಆ ಕರೀ ಪರದೆ ಮುಂದೆ ಕೂರಿಸಿಕೊಂಡಳು. ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ. ನಾಚಿಕೆ ಆಗಲಿಲ್ಲ ಅನ್ನಿಸುತ್ತದೆ.

"ತಾತ, ಕೊಣನೂರಿನೋರಿಗೆ ತಲೆಗೆ ಎಷ್ಟು ಮುದ್ದೆ?"

"ಎರಡು. ಅನುಮಾನಾನೇ ಬ್ಯಾಡ. ಅವ್ರು ಸಂತೆ ದಿನ ಬಂದ್ರೆ ಒಂದೂವರೆ ಹಾಕ್ಕೋ. ದಾರೀಲಿ ಬೋಂಡ ತಿಂದ್ಬುಟ್ಟಿರ್ತಾರೆ."

ಅವಳು ಟಕಟಕ ಅಂತ ಒತ್ತಿದಳು. ಇವರಿಗೆ ಹುರುಪು ಬಂತು. ಬೀಡಿ ಬಿಟ್ಟು ವಾರವಾಗಿತ್ತು, ಬಾಯಿಗೆ ಏನಾದರೂ ಬೇಕಾಗಿತ್ತೇನೋ. ಒಡೆದ ದನಿಯಲ್ಲೇ ಹೇಳುತ್ತಾ ಹೋದರು.

"ರಾಮನಾಥಪುರದೋರು ಹೊಗೆಸೊಪ್ಪು ಬೇಯ್ಸೋ ಕಾಲದಾಗೆ ಬಂದ್ರೆ ಮುದ್ದೆ ಅಷ್ಟೇ ಇರ್ಲಿ, ಸಾರು ಒಂದೂವರೆ ಪಾಲು ಮಾಡು. ಸೊಪ್ಪು ಒಣಗ್ಸೋ ಬ್ಯಾರನ್‌ಗೆ ಉರಿ ಆಕಿ ಆಕಿ ಗಂಟ್ಲು ಒಣ್ಗಿರ್ತದೆ ಪಾಪ."

"ಹಾಸನದೋರು?"

"ಪ್ಯಾಟೆಯೋರಾ? ಅರ್ಧ ಸಾಕು, ಅರ್ಧ ಸಾಕು ಅಂತಾರೆ. ಆಮ್ಯಾಕೆ ಅತ್ಲಾಗೆ ಇತ್ಲಾಗೆ ನೋಡಿ ಇನ್ನರ್ಧ ಕೇಳ್ತಾರೆ. ಒಂದು ಅಂತ್ಲೇ ಬರ್ಕೊಂಬುಡು."

"ನುಗ್ಗೇಹಳ್ಳಿ?"

"ತೆಂಗಿನ ಸೀಮೆಯೋರು ಕಣವ್ವ. ಮಾಂಸ ಕಮ್ಮಿ ಆದ್ರೆ ಮಾನ ಮುಚ್ತಾರೆ, ಕಾಯಿ ಕಮ್ಮಿ ಆದ್ರೆ ಮೂರು ತಲೆಮಾರು ಆಡ್ಕೋತಾರೆ. ನೂರೆಲೆಗೆ ಐದು ಕಾಯಿ ಜಾಸ್ತಿ ಆಕು."

ಅವಳು ಎಲ್ಲ ಊರಿನ ಹೆಸರು, ಎಲ್ಲ ಅಂಕಿ ಅದರೊಳಗೆ ತುಂಬಿದಳು. ಆಮೇಲೆ ಪರೀಕ್ಷೆ. ಇವರು ಒಂದು ಮದುವೆ ಹೇಳುವುದು, ಪರದೆ ಉತ್ತರ ಕೊಡುವುದು, ಇವರು ಕಣ್ಣು ಮುಚ್ಚಿ ತಮ್ಮ ಉತ್ತರ ಹೇಳುವುದು. ಎರಡೂ ಒಂದೇ ಬಂದಾಗ ತೊಡೆ ತಟ್ಟಿ, "ಏ ಇವ್ಳೇ, ನನ್ ತಲೆ ಪೆಟ್ಟಿಗೇಲಿ ಕೂತ್ಬುಡ್ತು ಕಣೇ" ಅಂದರು. ನಾನು ಬಾಗಿಲ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದೆ. ಅಷ್ಟು ಹೊತ್ತು ಎಣಿಸುವುದನ್ನೇ ಮರೆತಿದ್ದೆ.

ಆಗ ಗುಡುಗಿತು.

ಹಿಂದೆ ಒಂದು ಸಲ ಸಿಡಿಲಿಗೆ ನಮ್ಮ ಟಿವಿ ಸುಟ್ಟು ಕರಿಕಲಾಗಿತ್ತು. ಆವತ್ತಿನಿಂದ ಮೊದಲ ಗುಡುಗಿಗೇ ನನ್ನ ಕೈ ತಾನಾಗಿ ಪ್ಲಗ್ಗಿಗೆ ಹೋಗುತ್ತದೆ. ನಮ್ಮ ಬೀದಿಯಲ್ಲಿ ಎಲ್ಲ ಹೆಂಗಸರೂ ಹಾಗೇ. ಗುಡುಗು ಬಂದರೆ ಮೊದಲು ಬಟ್ಟೆ ಎತ್ತುವುದಿಲ್ಲ, ಮೊದಲು ಪ್ಲಗ್ಗು. ಬೆಳ್ಳುಳ್ಳಿ ಮಡಿಲಿನಿಂದ ಚೆಲ್ಲಿ ಎದ್ದೆ. ಟಿವಿಯದು ಕಿತ್ತೆ, ಮಿಕ್ಸಿಯದು ಕಿತ್ತೆ, ಮೂರನೆಯದನ್ನೂ ಕಿತ್ತೆ.

"ಅಜ್ಜೀ!" ಅಂದಳು ಮೊಮ್ಮಗಳು.

ಪರದೆ ಆರಿತ್ತು. ಆರಿದ ಪರದೆಗೂ ಮೊದಲಿದ್ದದ್ದಕ್ಕೂ ಬಣ್ಣ ಒಂದೇ ಆದ್ದರಿಂದ ನನಗೆ ಏನೂ ಗೊತ್ತಾಗಲಿಲ್ಲ. ಅವಳ ಮುಖ ನೋಡಿ ಗೊತ್ತಾಯಿತು.

"ಏನಾತವ್ವಾ?"

"ಹೋಯ್ತಜ್ಜಿ. ತೆರೆದಿರೋ ತನಕ ಮಾತ್ರ ನೆನಪಿಟ್ಕೋತಿತ್ತು. ಉಳಿಸೋದನ್ನ ನಾನಿನ್ನೂ ಮಾಡಿರ್ಲಿಲ್ಲ."

"ಎಲ್ಲಾನೂವಾ?"

ಅವಳು ಹೂಂ ಅಂತ ತಲೆಯಾಡಿಸಿದಳು. ಯಜಮಾನರೇ ಕೈ ಎತ್ತಿದರು. "ಓಗ್ಲಿ ಬುಡವ್ವ, ನನ್ ತಲೇಲಿ ಅದಲ್ಲ. ನಾಳೆ ಇನ್ನೊಂದ್ ಸಲ ಏಳ್ತೀನಿ. ನಿಮ್ಮಜ್ಜಿ ಮೂವತ್ತೊಂಬತ್ತು ವರ್ಷದಿಂದ ನಾನು ಮಾತಾಡೋವಾಗೆಲ್ಲ ಇಂಗೇ ಪ್ಲಗ್ ಕೀಳ್ತಾವ್ಳೆ."

ಸಾಯಂಕಾಲ ಮೈಸೂರಿನಿಂದ ಫೋನ್ ಬಂತು. ಹಾಸಿಗೆ ಸಿಕ್ಕಿದೆ, ಬೆಳಿಗ್ಗೆ ಬಂದು ಸೇರಿಸಿ ಅಂದರು.

ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದೆ. ನುಂಗಲು ಆಗದೆ ಟವೆಲ್ಲಿಗೆ ಉಗಿಯುತ್ತಿದ್ದರು. ಅಂಥವರನ್ನು ಕೊಣನೂರಿಗೆ ಎಷ್ಟು, ನುಗ್ಗೇಹಳ್ಳಿಗೆ ಎಷ್ಟು ಅಂತ ಹೇಗೆ ಕೇಳಲಿ? ಮಾರನೇ ದಿನ ಆಪರೇಷನ್ ಕೋಣೆಯ ಬಾಗಿಲಲ್ಲಿ, ಗಾಲಿ ಮಂಚದ ಮೇಲೆ ಮಲಗಿದ್ದವರು ನನ್ನ ಕಡೆ ತಿರುಗಿ "ಉಂಡ್ಯಾ?" ಅಂದರು. ಹೂಂ ಅಂದೆ. ಸುಳ್ಳು. ಅದೇ ಕೊನೆ.

ಎರಡು ತಿಂಗಳಾದ ಮೇಲೆ ಮನೆಯಲ್ಲಿ ಮಂಚದ ಮೇಲೆ ಕೂರುವಷ್ಟಾದರು. ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ತೆಳ್ಳನೆ ಬಟ್ಟೆ. ಮೊಮ್ಮಗಳು ಮತ್ತೆ ಲ್ಯಾಪ್‌ಟಾಪು ತಂದು ಎದುರಿಗೆ ಕೂತಳು. "ತಾತ, ಈಗ ಒಂದೊಂದು ಸಾಲು ಒತ್ತಿದ ತಕ್ಷಣ ತಾನೇ ಫೈಲಿಗೆ ಹೋಗಿ ಕೂರ್ತದೆ. ಅಜ್ಜಿ ಪ್ಲಗ್ ಅಲ್ಲ, ಕಂಬಾನೇ ಕಿತ್ರೂ ಹೋಗಲ್ಲ."

ಇವರು ಬೆರಳು ತೋರಿಸಿದರು. ಕೊಣನೂರು, ಎರಡು. ಹಾಸನ, ಒಂದು. ಅರ್ಧಕ್ಕೆ ಬೆರಳು ಮಡಿಚಿ ತೋರಿಸೋರು. ಅಂಕಿಗಳೆಲ್ಲ ವಾಪಸ್ಸು ಬಂದವು, ಒಂದೂ ತಪ್ಪಲಿಲ್ಲ. ಅವಳು ಫೈಲು ತೆರೆದು ಓದಿದಳು. ಕೊಣನೂರು ಎರಡು, ಹಾಸನ ಒಂದು, ರಾಮನಾಥಪುರ ಸಾರು ಒಂದೂವರೆ. ಗೋಡೆಗೆ ಮೊಳೆ ಹೊಡೆದ ಹಾಗೆ ಕೇಳಿಸಿತು. ಇವರು ಕೇಳಿ ಅಡ್ಡ ತಲೆಯಾಡಿಸಿದರು. ಬಾಯಿ ತೆರೆದರು, ಮುಚ್ಚಿದರು. ಬೆರಳಿನಿಂದ ತಮ್ಮ ಬಾಯಿ ತೋರಿಸಿ, ಆಮೇಲೆ ನನ್ನನ್ನು ತೋರಿಸಿದರು. ನೀನು ಹೇಳು ಅಂತ.

ಆಗ ನಾನು ಮೊಮ್ಮಗಳಿಗೆ ಹೇಳಿದೆ, "ಅಂಕಿ ಪಕ್ಕದಲ್ಲಿ ಒಸಿ ಜಾಗ ಬುಡವ್ವ. ತಾತ ಏನಂದ್ರು ಅಂತ ಬರೆಯಾಕೆ."

"ಲೆಕ್ಕಕ್ಕೆ ಅದು ಬೇಕಾಗಲ್ಲ ಅಜ್ಜಿ."

"ಲೆಕ್ಕಕ್ಕೆ ಬ್ಯಾಡ. ನಂಗ್ ಬೇಕು."

ಅವಳು ಎರಡು ದಿನ ಕೂತು ಮಾಡಿಕೊಟ್ಟಳು. ಪ್ರತಿ ಸಾಲಿನ ಪಕ್ಕಕ್ಕೂ ಮಾತಿಗೆ ಒಂದು ಖಾನೆ. ನಾನು ಹೇಳುತ್ತಾ ಹೋದೆ, ಅವರ ಮಾತು, ಅವರ ರಾಗದಲ್ಲೇ. ಸಂತೆ ದಿನದ ಬೋಂಡ ಹೇಳಿದೆ, ಪ್ಯಾಟೆಯವರ ಅರ್ಧ ಹೇಳಿದೆ. ಸರಿ ಹೇಳಿದರೆ ಇವರ ಹೆಗಲು ಕುಣಿಯುತ್ತಿತ್ತು. ದನಿಯಿಲ್ಲದ ನಗು ನೋಡುವುದು ಕಷ್ಟ, ಕತ್ತಿನ ಬಟ್ಟೆ ಮಾತ್ರ ಪಟಪಟ ಅಂತ ಹಾರುತ್ತಿತ್ತು. ತಪ್ಪು ಹೇಳಿದರೆ ಮಂಚದ ಕಾಲಿಗೆ ಗೆಣ್ಣಿನಲ್ಲಿ ಟಕ್ ಅಂತ ಹೊಡೆಯೋರು. ಹೊಡೆದರೆ ಇನ್ನೊಂದು ಸಲ ಹೇಳುತ್ತಿದ್ದೆ.

ಎಲ್ಲ ಊರೂ ಮುಗಿದ ಮೇಲೆ ಇವರು ಒಂದು ಬೆರಳು ಎತ್ತಿದರು. "ಯಾವೂರು ತಾತ?" ಅಂದಳು ಅವಳು. ಇವರು ಅದೇ ಬೆರಳನ್ನು ನನ್ನ ಕಡೆ ತಿರುಗಿಸಿದರು. ಇನ್ನೊಂದು ಮಾತು ಹೇಳು ಅಂತಿದ್ದಾರೆ ಅಂದುಕೊಂಡು, ಹೊಸ ಬೀಗರು ಮೊದಲ ಪಂಕ್ತಿಯಲ್ಲಿ ನಾಚಿಕೊಂಡು ಮೂಳೆ ಬಿಡುವ ಕಥೆ ಹೇಳಿದೆ. ಇವರು ಬೆರಳು ಹಾಗೇ ಹಿಡಿದಿದ್ದರು. ಆಮೇಲೆ ಸಣ್ಣಗೆ ನಕ್ಕು ಇಳಿಸಿದರು.

ಅಲ್ಲಿಂದ ನನಗೆ ಆ ಫೈಲಿನದೇ ಹುಚ್ಚು. ದಿನಕ್ಕೊಂದು ಕೊರತೆ ಕಂಡುಹಿಡಿಯುತ್ತಿದ್ದೆ. ಬರೀ ಉತ್ತರ ಬರಬಾರದು, ಕೇಳಿದ್ದೂ ಬರಬೇಕು ಅಂದೆ. ನಲವತ್ತು ಸೇರು ಹಿಟ್ಟು ಅಂತ ಇದ್ದರೆ ಯಾವ ಊರಿನವರಿಗೆ ಅಂತ ತಿಳಿಯುವುದು ಹೇಗೆ? ಹಳೇ ಮದುವೆ ಹಾಳೆಯ ಮೇಲೆ ಹೊಸದು ಬರೆಯಬಾರದು, ಬೇರೆ ಹಾಳೆ ಆಗಬೇಕು ಅಂದೆ. ಅವಳು ಪಿಡಿಎಫ್ ಮಾಡ್ತೀನಿ, ಸಿಎಸ್‌ವಿ ಮಾಡ್ತೀನಿ ಅಂತೆಲ್ಲ ಹೇಳಿದಳು. "ಅದೇನಾರ ಮಾಡ್ಕೋ, ಒಂದೇ ಹಾಳೆ ಆಗ್ಬೇಕು, ಅಕ್ಷರ ಬೆರಳುದ್ದ ಇರ್ಬೇಕು, ಒಲೆ ಮುಂದೆ ಮೊಳೆಗೆ ನೇತಾಕೋ ಅಂಗಿರ್ಬೇಕು. ಅಡುಗೆಯೋನು ಮಸಾಲೆ ಕೈಯಲ್ಲಿ ಫೋನ್ ಮುಟ್ತಾನಾ?" ಅಂದೆ. ಅವಳು ಬಿದ್ದು ಬಿದ್ದು ನಕ್ಕು, ಒಂದೊಂದನ್ನೂ ಬರೆದುಕೊಂಡು, ಒಂದೊಂದನ್ನೂ ಮಾಡಿದಳು. ನನ್ನ ಮೊಮ್ಮಗಳು! ನಾನು ಸ್ಲೇಟು ಒಡೆದು ಮೂರನೇ ಕ್ಲಾಸಿಗೆ ಬಿಟ್ಟವಳು. ನಾನು ಹೇಳಿದ್ದು ಅವಳ ಕೈಯಲ್ಲಿ ಯಂತ್ರಕ್ಕೆ ಅರ್ಥವಾಯಿತು ಅಂದರೆ ನಂಬುತ್ತೀರಾ?

ಯಜಮಾನರು ಪ್ರಾಜೆಕ್ಟ್ ಪುಸ್ತಕ ಬರುವವರೆಗೆ ಇರಲಿಲ್ಲ. ಕಾರ್ತಿಕದಲ್ಲಿ, ಒಂದು ಬೆಳಿಗ್ಗೆ ಗಂಜಿ ತಂದಿಟ್ಟು ಕರೆದರೆ ತಿರುಗಲಿಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಮಂಚದ ಕಾಲಿಗೆ ಹೊಡೆಯುವ ಆ ಟಕ್ ಒಂದೇ ಅವರ ದನಿ ಆಗಿತ್ತು. ಅದೂ ನಿಂತಿತು.

ಮುಂದಿನ ಮಾಘದಲ್ಲಿ ನನ್ನ ಅಕ್ಕನ ಮೊಮ್ಮಗಳ ಮದುವೆ ಆಯಿತು. ಬೀಗರ ಊಟ ಕೊಣನೂರಿನಲ್ಲಿ. ಅಡುಗೆಗೆ ನನ್ನ ಮೈದುನ. ವರಸೆಯಲ್ಲಿ ಮೈದುನ, ಇಪ್ಪತ್ತು ವರ್ಷ ಇವರ ಪಕ್ಕದಲ್ಲಿ ಸೌಟು ಹಿಡಿದವರು. ಕೈರುಚಿ ಅವರಿಗೂ ಇತ್ತು, ಲೆಕ್ಕ ಮಾತ್ರ ಯಾವಾಗಲೂ ಅಣ್ಣನದೇ. ಹೆದರಿಕೊಂಡು ಬಂದರು. "ಅತ್ಗೆಮ್ಮ, ಅಣ್ಣ ಇಲ್ದೆ ಒಲೆ ಅಚ್ಚಾಕೆ ಧೈರ್ಯ ಸಾಲ್ದು." ಮೊಮ್ಮಗಳು ಊರು ಊರು ಕೇಳಿ ಟೈಪ್ ಮಾಡಿ, ದೊಡ್ಡಕ್ಷರದ ಹಾಳೆ ತೆಗೆಸಿ ಕೈಗೆ ಕೊಟ್ಟು, ತಾನೂ ಜೊತೆಯಲ್ಲೇ ಹೋದಳು. ನಾನು ಹೋಗಲಿಲ್ಲ. ವರ್ಷ ತುಂಬುವವರೆಗೆ ಶುಭದ ಊಟಕ್ಕೆ ಹೋಗುವುದಿಲ್ಲ ನಮ್ಮಲ್ಲಿ. ಇಡೀ ದಿನ ಬಾಗಿಲು, ಹಿತ್ತಲು ಅಂತ ತಿರುಗಾಡಿದೆ. ಕಮ್ಮಿ ಬಂದರೆ? ನಾನು ಹೇಳಿದ ಮಾತು ತಪ್ಪಿದ್ದು, ಅವರು ಟಕ್ ಅನ್ನಿಸುವುದನ್ನು ಮರೆತಿದ್ದರೆ?

ಸಾಯಂಕಾಲದ ಬಸ್ಸಿಗೆ ಇಬ್ಬರೂ ಬಂದರು. ಮೊಮ್ಮಗಳು ಅಂಗಳದಿಂದಲೇ ಕೂಗಿದಳು. "ಅಜ್ಜೀ, ಒಂದು ಮುದ್ದೆ ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ!"

ಮೈದುನ ಜಗಲಿ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. "ಹಾಳೇನ ಒಲೆ ಮುಂದ್ಲ ಕಂಬಕ್ಕೆ ನೇತಾಕಿದ್ದೆ. ಪಕ್ಕದಾಗೆ ಬರೆದಿರೋದ್ನ ಗಟ್ಟಿಯಾಗಿ ಓದ್ದೆ ನೋಡಿ, 'ಅರ್ಧ ಸಾಕು ಅಂತಾರೆ, ಆಮ್ಯಾಕೆ ಅತ್ಲಾಗೆ ಇತ್ಲಾಗೆ ನೋಡ್ತಾರೆ' ಅಂತ. ಮುದ್ದೆ ಕಟ್ಟೋ ಹೆಂಗಸ್ರೆಲ್ಲ ನಕ್ಕು ನಕ್ಕು, ಒಬ್ಬಾಕೆ ಅಣ್ಣ ಎಲ್ಲವ್ನೆ ಅಂತ ತಿರುಗಿ ನೋಡ್ಬುಟ್ಳು."

ನನಗೆ ಆದ ಸಂತೋಷ ಎಲ್ಲಿಡಲಿ? ನಕ್ಕೆ, ಅತ್ತೆ, ಮೊಮ್ಮಗಳ ಕೆನ್ನೆ ಹಿಂಡಿದೆ. ಹಾಗೇ ಮೈದುನರ ಕೈ ನೋಡಿದೆ. ಅಡುಗೆಯಿಂದ ಬಂದ ಕೈ ನೋಡುವುದು ಎಷ್ಟೋ ವರ್ಷದ ಅಭ್ಯಾಸ. ಎರಡೂ ಕೈ ಖಾಲಿ.

"ಏನೂ ಉಳೀಲಿಲ್ವಾ?" ಅಂದೆ.

"ಉಳಿಯಾಕೆ ಹೆಂಗಾತದೆ? ಅಣ್ಣನ ಲೆಕ್ಕ ಅಲ್ವಾ? ಅಣ್ಣ ಇದ್ದಾಗ್ಲೂ ಯಾವತ್ತೂ ಉಳಿದಿಲ್ಲ."

"ದಿನಾ ಒಂದು ಮುದ್ದೆ ಉಳೀತು ಅಂತ ತರೋರಲ್ಲ."

ಮೈದುನ ನನ್ನ ಮುಖ ನೋಡಿದರು. "ಅದು ಉಳಿದಿದ್ದಲ್ಲ ಅತ್ಗೆಮ್ಮ. ಎಲ್ಲಾ ಊರಿಂದೂ ಲೆಕ್ಕ ಆದ್ಮ್ಯಾಕೆ, 'ಇದ್ರ ಮ್ಯಾಲೊಂದು' ಅನ್ನೋರು. ಅದ್ನ ಪಂಕ್ತಿಗೆ ಬಡ್ಸಾಕೆ ಬುಡ್ತಿರ್ಲಿಲ್ಲ, ಮೊದ್ಲೇ ಎತ್ತಿ ಮಡಗೋರು. ನಿಮ್ಗೆ ಏಳಿರ್ಲಿಲ್ವಾ?"

ಮೊಮ್ಮಗಳು ನನ್ನನ್ನು ನೋಡಿದಳು. ಅವಳಿಗೂ ಆ ಬೆರಳು ನೆನಪಾಗಿತ್ತು. ಮಂಚದ ಮೇಲೆ ಕೂತು ಎತ್ತಿ, ನನ್ನ ಕಡೆ ತಿರುಗಿಸಿ, ನಾನು ಕಥೆ ಹೇಳುತ್ತಿದ್ದರೂ ಹಾಗೇ ಹಿಡಿದುಕೊಂಡಿದ್ದ ಬೆರಳು.

ಮೈದುನ ಹೋದ ಮೇಲೆ ಅವಳು ಲ್ಯಾಪ್‌ಟಾಪು ತೆರೆದಳು. ಪ್ಲಗ್ಗು ನಾನೇ ಸಿಕ್ಕಿಸಿದೆ. ಎಲ್ಲ ಊರಿನ ಕೆಳಗೆ ಒಂದು ಹೊಸ ಸಾಲು ಬರೆದಳು. ಊರಿನ ಜಾಗದಲ್ಲಿ "ಅಜ್ಜಿ" ಅಂತ ಒತ್ತಿದಳು, ಅಂಕಿಯ ಜಾಗದಲ್ಲಿ ಒಂದು.

"ಪಕ್ಕದಲ್ಲಿ ಏನ್ ಬರೀಲಿ ಅಜ್ಜಿ? ತಾತ ಏನಂತಿದ್ರು?"

ಪರದೆ ಮೇಲಿನ ಆ ಒಂದನ್ನು ಬೆರಳಿನಿಂದ ಮುಟ್ಟಿ ನೋಡಿದೆ.

"ಉಳೀತು, ತಂದೆ ಅಂತ ಬರಿ" ಅಂದೆ.